ಅದೇ ಬೆಳ್ಳುಳ್ಳಿ

ಸೊಹಾರ್ ಬಂದರಿನ ರಸ್ತೆಗೆ ಬೆನ್ನು ಕೊಟ್ಟ ಕ್ಯಾಂಟೀನು.
ಹಿಂದುಗಡೆ, ಗ್ಯಾಸ್ ಸಿಲಿಂಡರುಗಳ ಪಕ್ಕ,
ಬಾಯಿ ಕತ್ತರಿಸಿದ ಏಳು ಎಣ್ಣೆ ಡಬ್ಬಿಗಳಲ್ಲಿ
ನನ್ನ ಅಲಸಂದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಕುಡಿಯ ತುದಿ ಕಪ್ಪು.
ಮಸಿಯೆಂದು ಉಜ್ಜಿದೆ. ಬೆರಳಿಗೆ ಜೀವ ಮೆತ್ತಿತು.
ಹೇನು. ಕಾವಲಿಗೆ ಇರುವೆ ಬೇರೆ,
ಹಟ್ಟಿಯ ದನ ನೋಡಿಕೊಳ್ಳುವ ಹಾಗೆ ಸುತ್ತು ಬರುತ್ತಿವೆ.

ಅಂಗಡಿಯ ನೀಲಿ ಬಾಟಲಿ ಬೇಡ ಅಂದ ಹಸನಬ್ಬ,
"ಆ ಕೈಯಲ್ಲೇ ನೀನು ಚಪಾತಿ ಲಟ್ಟಿಸುವುದು, ಮಾರಾಯ."
ಸರಿ. ನನಗೆ ಗೊತ್ತಿರುವುದು ಅಡುಗೆ ಒಂದೇ.
ನೂರಿಪ್ಪತ್ತು ಜನರನ್ನು ಊಟಕ್ಕೆ ಕರೆಯುವ ಬೆಳ್ಳುಳ್ಳಿ,
ಅದೇ ಒಣಮೆಣಸು, ಅದೇ ಕಲ್ಲು;
ಒಗ್ಗರಣೆ ಮಾತ್ರ ಇಲ್ಲ.
ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ,
ಪಾತ್ರೆ ತೊಳೆಯುವ ಸೋಪು ಎರಡು ತೊಟ್ಟು,
ಎಲೆಯ ಅಡಿಗೆ ಚಿಮುಕಿಸಿದೆ.

ಅರ್ಧ ಓಡಿದವು. ಅರ್ಧಕ್ಕೆ ರುಚಿ ಹಿಡಿಯಿತೋ ಏನೋ.

ಆಮೇಲೆ ಬೇವು.
ಹೆದ್ದಾರಿಯ ಉದ್ದಕ್ಕೂ ಮುನ್ಸಿಪಾಲಿಟಿ ನೆಟ್ಟ ಮರಗಳು.
ಕಳೆದ ಜೂನಿನಲ್ಲಿ ಬಗ್ಗಿ ಬಗ್ಗಿ ಬೀಜ ಹೆಕ್ಕುವಾಗ
ಗೇಟಿನ ಗುಲ್ ಜಮಾನ್ ಕೇಳಿದ್ದ, ಯಾರಿಗೆ ಹುಷಾರಿಲ್ಲ?
ಇನ್ನೂ ಯಾರಿಗೂ ಏನೂ ಆಗಿಲ್ಲ, ಇರಲಿ ಅಂತ, ಅಂದಿದ್ದೆ.
ಆ ಬೀಜ ಅರೆದು, ಹಾಲಿನಂಥ ನೀರು ಮಾಡಿ ಹೊಡೆದ ದಿನ
ಮೂರು ಸಲ ತೊಳೆದ ಕೈಯಲ್ಲೇ ಬಡಿಸಿದರೂ
ಕ್ರೇನಿನ ಅಪ್ಪಲನಾಯ್ಡು ತಟ್ಟೆಯಿಂದ ತಲೆ ಎತ್ತಿದ:
"ಏನಣ್ಣಾ, ಯುಗಾದಿ ಇವತ್ತೇನಾ?"

ಆಮೇಲೊಂದು ಗುಲಗಂಜಿ ಹುಳು ಬಂತು,
ಟ್ರೈಲರಿನ ಟಾರ್ಪಾಲಿನಲ್ಲಿ ಕೂತೋ, ಬಾತಿನಾದ ತೋಟಗಳಿಂದಲೋ.
ಹೇನು ಒಂದೊಂದಾಗಿ ಹೆಕ್ಕಿ ತಿನ್ನತೊಡಗಿತು.
ಬಾಟಲಿ ಕೆಳಗಿಟ್ಟೆ.
ಉಣ್ಣುತ್ತಾ ಕೂತವರನ್ನು ಎಬ್ಬಿಸಬಾರದು,
ಅಡುಗೆಯವನಿಗೆ ಅಷ್ಟಾದರೂ ಗೊತ್ತಿರಬೇಕು.

ಜುಲೈ. ಡಬ್ಬಿಯ ತಗಡು ಮುಟ್ಟಿದರೆ ಬೊಕ್ಕೆ.
ಬಳ್ಳಿ ಹಗ್ಗವಾಯಿತು. ಹೇನಿಲ್ಲ, ಇರುವೆಯಿಲ್ಲ,
ಗುಲಗಂಜಿಯೂ ಇಲ್ಲ.
ಓಡಿಸುವುದಕ್ಕೆ ಯಾರೂ ಇಲ್ಲದ ಆ ಎರಡು ತಿಂಗಳು
ಹಿಂಬಾಗಿಲು ತೆರೆಯಲೇ ಇಲ್ಲ ನಾನು.

ಮೊನ್ನೆ, ಅಕ್ಟೋಬರಿನಲ್ಲಿ,
ಸಿಡಿದು ಬಿದ್ದಿದ್ದ ಕಾಳೊಂದು ಹೇಳದೆ ಕೇಳದೆ ಮೊಳೆತಿದೆ.
ಎರಡು ಎಲೆ. ಮೂರನೆಯದು ಇನ್ನೂ ಮಡಚಿಕೊಂಡಿದೆ.
ಬಗ್ಗಿ ನೋಡಿದೆ:
ಮಡಿಕೆಯೊಳಗೆ ಒಂದು ಕಪ್ಪು ಚುಕ್ಕಿ,
ಚುಕ್ಕಿಗೆ ಕಾಲು.

ಬಂದೆಯಾ, ಅಂದೆ.
ಒಳಗೆ ಹೋಗಿ, ನಾಳೆಯ ಸಾರಿಗೆ
ಬೆಳ್ಳುಳ್ಳಿ ಸುಲಿಯುವಾಗ
ನಾಲ್ಕು ಎಸಳು ಹೆಚ್ಚು ಸುಲಿದೆ.