ಟೇಪು ಹಿಡಿದವನು

ಮೊದಲು ನಾನು ಎಂಬಾಲೆ ಪೇಟೆಯಲ್ಲಿ ದರ್ಜಿ.
ಶಾಲೆ ಮಕ್ಕಳ ಎದೆ, ಸೊಂಟ, ತೋಳಿನುದ್ದ;
'ಎರಡು ಬೆರಳು ಸಡಿಲ ಬಿಡು, ಬೆಳೆಯುವ ಮೈ'
ಅನ್ನುತ್ತಿದ್ದರು ತಾಯಂದಿರು.
ಈಗಲೂ ಅದೇ ಹಳದಿ ಟೇಪು.
ಆಸ್ಪತ್ರೆ ಕೊಟ್ಟ ಮೋಟಾರ್ ಸೈಕಲ್ಲು,
ಎಲ್ಗಾನ್ ಬೆಟ್ಟದ ಕೆಮ್ಮಣ್ಣಿನ ದಾರಿ.
ಅಳೆಯುವುದು ಎಳೆಗೂಸುಗಳ ತಲೆ.
ಸಡಿಲ ಬಿಡುವ ಹಾಗಿಲ್ಲ.

ಖೈಂಜಾ ಹೆತ್ತ ಮಾರನೆಯ ದಿನ ಹೋದೆ.
ಮಗುವಿನ ಬೆನ್ನ ಕೆಳಗೆ
ಹಲಸಿನ ಬೀಜದಷ್ಟು ಗುಳ್ಳೆ,
ಈರುಳ್ಳಿ ಪೊರೆಯಂಥ ಚರ್ಮ, ಒಳಗೆ ನೀರು,
ನೀರಲ್ಲಿ ಬಾಳೆನಾರಿನಂತೆ ನರ.
ಅತ್ತೆ ನಂಬೋಜೊ ಬೂದಿ ಸವರಲು ಕೂತಿದ್ದಳು.
ಬೂದಿ ಬೇಡ ತಾಯಿ.
ಬಾಟಲಿಯ ಉಪ್ಪುನೀರಲ್ಲಿ ಅದ್ದಿದ ಬಟ್ಟೆ ಸಾಕು.
ಬೋರಲು ಮಲಗಿಸಿ. ಹೊರಡಿ, ಈಗಲೇ.

'ಯಾರ ಪಾಪ ಇದು?' ಅಂದಳು ಮುದುಕಿ,
ನನ್ನನ್ನು ಕೇಳುತ್ತ, ಸೊಸೆಯನ್ನು ನೋಡುತ್ತ.

ದರ್ಜಿಗೆ ಗೊತ್ತಿದ್ದ ಉತ್ತರ ಹೇಳಿದೆ:
ಹೊಲಿಗೆ ಬಿಟ್ಟದ್ದು ಬಟ್ಟೆ ಇವಳ ಕೈಗೆ ಬರುವ ಮೊದಲೇ.
ಮುಟ್ಟು ನಿಂತಿತೋ ಇಲ್ಲವೋ ಎಂದು
ಹೆಂಗಸು ಬೆರಳು ಮಡಿಸುವ ಹೊತ್ತಿಗೆ
ಒಳಗೆ ಆ ಬೆನ್ನು ಮುಚ್ಚಿರುತ್ತದೆ,
ಇಲ್ಲವೆ ಬಿಟ್ಟುಕೊಂಡಿರುತ್ತದೆ.
ಬಸಿರಿಗೂ ಮುಂಚೆ ನುಂಗುವ ಪುಟ್ಟ ಮಾತ್ರೆಯೊಂದಿದೆ,
ಅದೂ ಎಲ್ಲರನ್ನೂ ಕಾಯುವುದಿಲ್ಲ.
ಇವಳಿಗೆ ಯಾರು ಹೇಳಿದ್ದರು? ನೀವು? ನಾನು?
ಮುದುಕಿ ಬೂದಿಯ ಬಟ್ಟಲನ್ನು
ಬಾಗಿಲಾಚೆ ಇಟ್ಟು ಬಂದಳು.

ಬೆನ್ನು ಮುಚ್ಚಿದರು. ಆ ಹೊಲಿಗೆ ನೋಡಿ
ನನ್ನೊಳಗಿನ ದರ್ಜಿ ತಲೆದೂಗಿದ.
ಹೊಲಿದ ಮಾತ್ರಕ್ಕೆ ಪಾದಕ್ಕೆ ನೆಲ ತಿಳಿಯುವುದಿಲ್ಲ.

ಮೂವತ್ತಾರು. ಮೂವತ್ತೇಳೂವರೆ.
ಆಮೇಲಿನ ವಾರ ನಲವತ್ತು.
ಟೇಪನ್ನು ಮತ್ತೆ ಸುತ್ತಿದೆ. ನಲವತ್ತೇ.
ನೆತ್ತಿ ಬಿಗಿದ ಡೋಲು.
ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆಲ್ಲ ಬಿಳಿ.
ಮುಳುಗುವ ಸೂರ್ಯ ಅನ್ನುತ್ತಾರೆ ಡಾಕ್ಟರು.
'ನಾಚಿಕೆ ಸ್ವಭಾವ, ಸದಾ ನೆಲ ನೋಡ್ತಾನೆ'
ಅಂದಳು ಖೈಂಜಾ.
ನಗು ಬಂತು ನನಗೆ. ಬೆನ್ನಿಗೇ ನಡುಕ.
ಟ್ಯಾಂಕು ಅಲುಗಿಸಿ ಪೆಟ್ರೋಲಿನ ಸದ್ದು ಕೇಳಿ
ತಾಯಿ ಮಗುವನ್ನು ಹಿಂದೆ ಕೂರಿಸಿಕೊಂಡೆ.

ತಲೆಯೊಳಗೇ ನೀರಿಗೊಂದು ದಾರಿ ಕೊರೆದರು.
ಅದು ಇನ್ನೂ ತೆರೆದಿದೆ.
ನನ್ನ ಪುಸ್ತಕದಲ್ಲಿ ಹೊಡೆದುಹಾಕಿದ ಹೆಸರುಗಳೂ ಇವೆ,
ಆ ದಾರಿ ಮುಚ್ಚಿಕೊಂಡವರದು,
ನಾನು ಗುರುವಾರದ ಬದಲು ಶನಿವಾರ ಹೋದವರದು.

ಮಸೋಲೊನಿಗೆ ಈಗ ಏಳು.
ಮೂರು ಗಾಲಿಯ ಬಂಡಿ, ಬಾಯಿ ತುಂಬ ಮಾತು.
ಒಮ್ಮೆ ಒಲೆಯ ಪಕ್ಕ ಕಾಲು ಚಾಚಿ
ಕತೆ ಹೇಳುತ್ತ ನಗುತ್ತಿದ್ದ,
ಹೆಬ್ಬೆರಳು ಸುಟ್ಟ ವಾಸನೆ
ಮೊದಲು ಅಜ್ಜಿಗೆ ಗೊತ್ತಾಯಿತು.
ಅಂದಿನಿಂದ ಮಲಗುವ ಮುನ್ನ
ಅವನ ಎರಡೂ ಅಂಗಾಲನ್ನು
ಅಕ್ಕಿಯ ಕಲ್ಲು ಆರಿಸುವಂತೆ ನೋಡುತ್ತಾಳೆ.

ಉಚ್ಚೆಗೆ ದಿನಕ್ಕೆ ಐದು ಸಲ ಸಣ್ಣ ನಳಿಗೆ.
ಗಡಿಯಾರ ಓದಲು ಬಾರದ ನಂಬೋಜೊ
ಹೊತ್ತನ್ನು ತಾನೇ ಕಟ್ಟಿಕೊಂಡಳು:
ಕೋಳಿ, ಹಾಲಿನವನ ಸೈಕಲ್ಲು, ಶಾಲೆಯ ಗಂಟೆ,
ಮಸೀದಿಯ ಸಂಜೆ ಕೂಗು, ದೀಪ ಆರಿಸುವ ಮುಂಚೆ.
'ಮೊದಲು ಸೋಪು. ಬೆರಳ ಸಂದಿಗೂ' ಎಂದು
ಗದರಿ ಗದರಿ ಅವನಿಗೇ ಕಲಿಸಿದಳು.

ಶಾಲೆಯ ಕಕ್ಕಸಿಗೆ ಬಾಗಿಲಿರಲಿಲ್ಲ.
ತನ್ನ ಮದುವೆಯ ಗೊಮೆಸಿ ತಂದು ನನ್ನ ಮುಂದೆ ಹಾಕಿದಳು,
ನೇರಳೆ ಬಣ್ಣ, ಮಡಿಕೆಗಳಲ್ಲಿ ಮಾಸಿದ್ದು.
'ನೀನು ದರ್ಜಿಯಲ್ಲವೇನೋ? ಪರದೆ ಹೊಲಿ.
ಕೆಳಗೆ ಒಂದು ಗೇಣು ಬಿಡು, ಗಾಲಿಗೆ ಸಿಕ್ಕೀತು.'

ಹಲವು ವರ್ಷದ ಮೇಲೆ ಟೇಪು ಹಿಡಿದು
ಚೌಕಟ್ಟೊಂದರ ಅಗಲ ಅಳೆದೆ.

ಇವತ್ತು ಹೋಗಿದ್ದೆ. ಬಿಡುವಿನ ಹೊತ್ತು.
ಪರದೆಯ ಹೊರಗೆ ನಾಲ್ಕು ಹುಡುಗರು
ಕಾಲು ಹೆಣೆದುಕೊಂಡು ಕುಣಿಯುತ್ತಿದ್ದಾರೆ.
'ಬೇಗ ಬಾರೋ ಮಸೋಲೊ!'
ಒಳಗಿಂದ ಅವಸರವಿಲ್ಲದ ಶಿಳ್ಳೆ.
ಸೋಪು ಇನ್ನೂ ಬೆರಳ ಸಂದಿಯಲ್ಲಿರಬೇಕು.