ಪಂಚರಲ್ಲಿ ಎರಡನೆಯವಳು

ಜೆರಾಕ್ಸ್ ಅಂಗಡಿ ಇಟ್ಟವರಿಗೆ ಇದೊಂದು ಶಾಪ:
ಸ್ಟೇಷನ್ನಿನ ಎದುರಿಗೇ ಇದ್ದೀವಲ್ಲ,
ಸಾಕ್ಷಿ ಬೇಕೆಂದಾಗ ಮೊದಲು ಕಾಣುವುದು ನಾವೇ.
"ಅಮ್ಮಾ, ಐದು ನಿಮಿಷ. ಪೆನ್ನು ತಗೊಂಡು ಬನ್ನಿ" ಅಂದರು ಜವರಪ್ಪ.
ಮೆಷಿನ್ ಆರಿಸಿ, ಪೆನ್ಷನ್ ಮೊಹಲ್ಲಾದ
ಮೂರು ಮಹಡಿ ಹತ್ತಿದೆ, ಮಂಡಿ ಹಿಡಿದುಕೊಂಡು.

ನೀರಿನ ಟ್ಯಾಂಕಿನ ಹಿಂದೆ, ಒಣಹಾಕಿದ ಬೆಡ್‌ಶೀಟಿನ ಮರೆಯಲ್ಲಿ
ಪೇಂಟ್ ಬಕೆಟ್ಟು. ಅದರಲ್ಲಿ ಅದು.
ಚೆಂಡುಹೂವಿನ ಗಿಡ ಅಂದುಕೊಂಡೆ ನಾನು.
ಒಂದೇ ಒಂದು, ನನ್ನ ಸೊಂಟದೆತ್ತರ,
ಎಲೆ ಬೆರಳು ಬಿಚ್ಚಿಕೊಂಡು,
ಎಣಿಸು ಎಣಿಸು ಅನ್ನುವ ಮಗುವಿನ ಕೈಯ ಹಾಗೆ.
ಏಳು. ಇನ್ನೊಂದರಲ್ಲಿ ಐದು.
ಜವರಪ್ಪನೂ ಎಣಿಸಿದರು, ಬರೆದುಕೊಂಡರು.

ಹುಡುಗ ಲೋಹಿತಾಶ್ವ, ಪಾಲಿಟೆಕ್ನಿಕ್ಕು, ಎರಡನೇ ವರ್ಷ.
ನನ್ನ ಅಂಗಡಿಗೇ ಬರುತ್ತಿದ್ದವನು
ಬೇರೆಯವರ ನೋಟ್ಸ್ ಕಾಪಿ ಮಾಡಿಸಲಿಕ್ಕೆ,
ಯಾವತ್ತೂ ಎರಡು ರೂಪಾಯಿ ಬಾಕಿ.
ಅವನ ಸ್ವಂತ ಕೈಬರಹ ನಾನು ನೋಡಿದ್ದು ಅವತ್ತೇ:
ಇನ್ನೂರು ಪುಟದ ನೋಟ್‌ಬುಕ್ಕು, ಮಾರ್ಜಿನ್ನು ಎಳೆದು,
ತಾರೀಖು ಹಾಕಿ, ಒಂದು ದಿನವೂ ಬಿಡದೆ.

"ಒಂಬತ್ತನೇ ದಿನ. ತಲೆ ಎತ್ತಿದೆ. ಬೀಜದ ಸಿಪ್ಪೆ ಇನ್ನೂ ಟೋಪಿಯ ಹಾಗೆ."
"ಹದಿಮೂರು. ನೀರು ಜಾಸ್ತಿಯಾಯಿತೇನೋ. ಜೋತು ಬಿದ್ದಿದೆ. ನಿದ್ದೆ ಬರಲಿಲ್ಲ."
"ಇಪ್ಪತ್ತು. ಕೋತಿ ಬಂದಿತ್ತು. ಮುಟ್ಟಲಿಲ್ಲ. ಪುಣ್ಯ."
"ಮೂವತ್ತೊಂದು. ಇಂಟರ್ನಲ್ಸಿಗೆ ಹೋಗಲಿಲ್ಲ. ಮೋಡ."
ಜವರಪ್ಪ ಗಟ್ಟಿಯಾಗಿ ಓದುತ್ತಾ ಓದುತ್ತಾ
ದನಿ ತಗ್ಗಿಸಿದರು.
ಕೊನೆಕೊನೆಗೆ ಮನಸ್ಸಿನಲ್ಲೇ ಓದಿಕೊಂಡರು.

"ಯಾರಿಗೆ ಮಾರ್ತಿದ್ದೆ?"
"ಇಲ್ಲ ಸಾರ್."
"ಸೇದಿದ್ದೀಯಾ?"
"ಇನ್ನೂ ಇಲ್ಲ ಸಾರ್."
"ಮತ್ತೆ?"
ಹುಡುಗ ಬಕೆಟ್ಟು ನೋಡಿದ.
"ಬರುತ್ತಾ ಅಂತ ನೋಡ್ತಿದ್ದೆ."

ಕಿತ್ತಾಗ ಹಳೆ ಸೀರೆ ಹರಿದ ಸದ್ದು.
ಬೇರು ಬಕೆಟ್ಟಿನ ಆಕಾರದಲ್ಲೇ ಬಂತು,
ತಳದ ಕಂಪನಿ ಹೆಸರು ಮಣ್ಣಿನ ಮೇಲೆ ಉಲ್ಟಾ ಮೂಡಿತ್ತು.
ಆಮೇಲೆ ತೂಕದ ತಕರಾರು:
ಮಣ್ಣು ಸಮೇತವೋ, ಮಣ್ಣು ಕೊಡವಿಯೋ?
ಮಣ್ಣಿನ ತೂಕಕ್ಕೆ ಹುಡುಗನಿಗೆ ಎಷ್ಟು ತಿಂಗಳು?
ಆಲೂಗಡ್ಡೆ ಮಂಡಿಯಿಂದ ತಕ್ಕಡಿ ಬಂತು.
ಮೊದಲನೇ ಪಂಚ, ಇಸ್ತ್ರಿ ಅಂಗಡಿಯ ಚೆಲುವಯ್ಯ,
"ಕೊಡವಿ ಸಾರ್" ಅಂದ, ಕೆಮ್ಮಿನ ಮಧ್ಯೆ ಸೇರಿಸಿ.
ಬುಡಕ್ಕೆ ನಾನು ಕೈ ಹಾಕಿದೆ, ಯಾಕೋ,
ಮಗಳ ತಲೆಯ ಸಿಕ್ಕು ಬಿಡಿಸುವ ಹಾಗೆ.
ನಾನೂರ ಹತ್ತು ಗ್ರಾಂ.
ಸಹಿ: ದಾಕ್ಷಾಯಣಿ.

ಬಕೆಟ್ಟು ಮುದ್ದೇಮಾಲು. ಮಣ್ಣು ಅಲ್ಲ.
ಮನೆ ಓನರ್ ಖಮರುನ್ನೀಸಾ ಬಯ್ಯುತ್ತಲೇ
ಅದನ್ನು ಗುಡಿಸಿ ತನ್ನ ಪುದೀನದ ಕುಂಡಕ್ಕೆ ಸುರಿದಳು.
ಪುದೀನ ಈಗಲೂ ಚೆನ್ನಾಗಿ ಬರುತ್ತದಂತೆ.

ನನ್ನ ಮನೆಯಲ್ಲಿ ಕೊತ್ತಂಬರಿ ಕೂಡ ಮೊಳೆಯುವುದಿಲ್ಲ.
ಮೂರು ಸಲ ಹಾಕಿದೆ, ಅತ್ತೆ ಹೇಳಿದ ಹಾಗೆ
ಬೀಜವನ್ನು ಚಪ್ಪಲಿಯಡಿ ಉಜ್ಜಿ, ಎರಡು ಹೋಳು ಮಾಡಿ.
ನಾಲ್ಕನೇ ದಿನಕ್ಕೆ ಮರೆತೆ.
ಒಂಬತ್ತನೇ ದಿನದವರೆಗೆ ಯಾವುದಕ್ಕೂ ಕಾದವಳಲ್ಲ ನಾನು.

ಎರಡು ವರ್ಷಕ್ಕೆ ಕೋರ್ಟಿನಿಂದ ಸಮನ್ಸು.
ಅರಗಿನ ಸೀಲು ಒಡೆದು ಪೇಪರಿನ ಮೇಲೆ ಸುರಿದರು:
ಒಂದು ಹಿಡಿ ಕಂದು ಪುಡಿ, ನಾಲ್ಕು ಕಡ್ಡಿ.
"ಗುರುತಿಸುತ್ತೀರಾ?"
ಲೋಹಿತಾಶ್ವನಿಗೆ ಮೀಸೆ ಬಂದಿದೆ,
ಉಗುರಿನ ಸಂದಿಯಲ್ಲಿ ಗ್ಯಾರೇಜಿನ ಗ್ರೀಸು.
ಮಹಜರಿನಲ್ಲಿ ಬರೆದದ್ದೆಲ್ಲ ನೆನಪಿತ್ತು ನನಗೆ,
ಬಾಯಿಗೆ ಬಂದದ್ದು ಮಾತ್ರ ಇಷ್ಟೇ:
"ಇದಕ್ಕಿಂತ ಎತ್ತರ ಇತ್ತು ಸ್ವಾಮಿ. ನನ್ನ ಸೊಂಟದವರೆಗೆ."

ಟೈಪ್ ಆಯಿತು: ಸಾಕ್ಷಿಯು ಗುರುತಿಸಿರುತ್ತಾರೆ.

ಹುಡುಗ ಆಗ ತಲೆಯೆತ್ತಿ ನನ್ನ ನೋಡಿದ.
ಕಟಕಟೆಯ ಮರೆಯಲ್ಲಿ, ಯಾರಿಗೂ ಕಾಣದಂತೆ,
ಅಂಗೈ ಚಾಚಿ ಎತ್ತರ ತೋರಿಸಿದ,
ನಾನು ಹೇಳಿದ್ದಕ್ಕಿಂತ
ನಾಲ್ಕು ಬೆರಳು ಮೇಲೆ.