ಮೊದಲಿನ ತೂಕ

ತೊಂಬತ್ತು ದಿನದ ಹಿಂದೆ ಆರು ಬಿಲ್ಲೆ ತೂಗಿ
ಹಬೆಯ ಕೊಳವೆಗೆ ಇಳಿಬಿಟ್ಟಿದ್ದೆ.
ಇವತ್ತು ತೆಗೆದೆ. ದಿಯೆಂಗ್ ಬೆಟ್ಟದ ಮಂಜಿನಲ್ಲಿ
ಅದೇ ಕೊಳೆತ ಮೊಟ್ಟೆಯ ವಾಸನೆ,
ಬೇಲಿಯಾಚೆ ಆಲೂಗಡ್ಡೆ ಅಗೆಯುವವರ ಕೆಮ್ಮು.

ಮೊದಲನೆಯದು ಸಾದಾ ಉಕ್ಕು.
ಎಲ್ಲ ಕಡೆ ಒಂದೇ ಸಮ ಸವೆದಿದೆ,
ಬಚ್ಚಲ ಗೂಡಿನ ಸೋಪಿನ ಹಾಗೆ.
ಅದರ ಮೇಲೆ ನನಗೆ ಸಿಟ್ಟಿಲ್ಲ.
ಇಷ್ಟು ಹೋದೆ, ಇಷ್ಟು ಉಳಿದೆ ಎಂದು
ತಕ್ಕಡಿಯಲ್ಲಿ ಕೂತು ಒಪ್ಪಿಕೊಳ್ಳುತ್ತದೆ.

ಮೂರನೆಯದು ಸ್ಟೇನ್‌ಲೆಸ್.
ಕೂದಲೆಳೆಯಷ್ಟೂ ತೂಕ ಇಳಿದಿಲ್ಲ,
ಮುಖ ನೋಡಿಕೊಳ್ಳಬಹುದು.
ಭೂತಗನ್ನಡಿ ಹಿಡಿದರೆ ಮಾತ್ರ
ಬಗ್ಗಿಸಿ ಬಿಗಿದ ಜಾಗದಲ್ಲೊಂದು ಬಿರುಕು
ಬೇರಿನಂತೆ ಕವಲೊಡೆದು ಒಳಗೊಳಗೇ ಹೋಗಿದೆ.
ಉಪ್ಪಿನ ಕೆಲಸ; ಬಿಗಿತವೂ ಕೈಗೂಡಿಸಿದೆ.
'ಇಂಥವರನ್ನು ನಂಬಬೇಡ' ಅಂದರು ಪಾಕ್ ಮುಜಿರಾನ್,
'ನಗ್ತಾ ನಗ್ತಾ ಒಂದಿನ ಟಪ್ ಅಂತ ಮುರೀತಾರೆ.'
ಅಣ್ಣ ವಾರ್ಸಿತೋ ನೆನಪಾದ.
ಅಂಕಿ ಬರೆದು ಪುಟ ಮಗುಚಿದೆ.

ಐದನೆಯದು ಟೈಟೇನಿಯಂ. ಹೊಳಪು ಹಾಗೇ ಇದೆ.
ನಿಜ ಹೇಳಬೇಕೆಂದರೆ ತುಕ್ಕು ಇದಕ್ಕೂ ಹಿಡಿದಿದೆ,
ಗಾಳಿ ಸೋಕಿದ ಗಳಿಗೆಯಲ್ಲೇ, ಎಲ್ಲರಿಗಿಂತ ಮೊದಲು,
ಕಣ್ಣಿಗೆ ಕಾಣದಷ್ಟು ತೆಳ್ಳಗೆ.
ಆ ತುಕ್ಕನ್ನೇ ಹೊದ್ದು ಕೂತಿದೆ.
ಗೀರಿದರೆ, ಗೀರಿದಲ್ಲೇ ಮತ್ತೆ ನೇಯ್ದುಕೊಳ್ಳುತ್ತದೆ.

ಇದನ್ನೆಲ್ಲ ರಾತ್ರಿ ಅಮ್ಮನಿಗೆ ಹೇಳಿದೆ.
ಅವಳು ಕೇಳಿದ್ದು ಒಂದೇ: 'ಕಿಲೋಗೆ ಎಷ್ಟು?'
ಹೇಳಿದೆ.
ಬೂದಿಯಲ್ಲಿ ಕಿವಿಯ ಬೆಳ್ಳಿ ಓಲೆ ತಿಕ್ಕುತ್ತಿದ್ದಳು,
ಸೋಮವಾರ ತಿಕ್ಕಿದ್ದು ಗುರುವಾರಕ್ಕೆ ಕಪ್ಪು.
ಎದ್ದು ಹೋಗಿ, ಗೊಬ್ಬರದ ಚೀಲ ಹೊದಿಸಿದ ಮಾಡಿನಿಂದ
ಸತುವಿನ ತಗಡಿನ ತುಂಡೊಂದು ಮುರಿದು ತಂದಳು.
ಹಪ್ಪಳದ ಹಾಗೆ ಮುರಿಯಿತು.
'ನಾಳೆ ಇದನ್ನೂ ತೂಗು.'

ತೂಗಿದೆ. ಊಟದ ಬಿಡುವಿನಲ್ಲಿ, ಯಾರಿಗೂ ಹೇಳದೆ.
ಈಗಿನ ತೂಕ ಬಂತು.
ಎಷ್ಟು ಹೋಯಿತು ಅನ್ನಲು ಮೊದಲಿನದು ಬೇಕಲ್ಲ!
ಆ ಕಂಬ ಖಾಲಿ.
ನಮ್ಮ ಮನೆ ಮಾಡನ್ನು ಹಬೆ ಏಳುವ ಮೊದಲು
ಯಾರೂ ತೂಗಿ ಬರೆದಿಟ್ಟವರಿಲ್ಲ.

ಅಮ್ಮ ತಲೆ ಎತ್ತಲಿಲ್ಲ.
'ನಿಮ್ಮಪ್ಪ ಬಸ್ಸಿಳಿದು ಹತ್ತು ತಗಡು ಒಟ್ಟಿಗೆ
ತಲೆ ಮೇಲೆ ಹೊತ್ತು ತಂದ.
ಎರಡು ದಿನ ಕತ್ತು ತಿರುಗಿಸೋಕಾಗಲಿಲ್ಲ ಅವನಿಗೆ.
ಅಷ್ಟಿತ್ತು ಅಂತ ಬರಕೋ.'